ಪೆಡಲ್ ಬಿಚ್ಚಿದ ಮೇಲೆ

ಮೈಸೂರಿನಲ್ಲಿ ಹೆಂಗಸರಿಗೆ ಸೈಕಲ್ ಕಲಿಸುವವರು ನನಗೆ ಗೊತ್ತಿರುವಂತೆ ಕುವೆಂಪುನಗರದ ಆಸುಪಾಸಿನಲ್ಲೇ ಮೂವರಿದ್ದೇವೆ. ಪೆಡಲ್ ಬಿಚ್ಚಿಟ್ಟು ಕಲಿಸುತ್ತೇನೆ ಎಂದಾಗ ಉಳಿದಿಬ್ಬರಲ್ಲಿ ಹಿರಿಯರಾದ ಮೇಷ್ಟ್ರು, "ಎತ್ತು ಕಟ್ಟದೆ ಗಾಡಿ ಹೊಡೆಯುತ್ತೀರಾ ಮೇಡಂ?" ಎಂದು ನಾಲ್ಕು ಜನರೆದುರು ನಕ್ಕಿದ್ದರು. ಅವರ ಕೈಯಲ್ಲಿ ಎರಡು ತಿಂಗಳು ಓಡಾಡಿ ಕೈಚೆಲ್ಲಿದ ಐವರು ನನ್ನ ಬಳಿ ಬಂದು ಕಲಿತು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಸೈಕಲ್ ಕಲಿತದ್ದೇ ಮೂವತ್ತೆಂಟನೇ ವಯಸ್ಸಿನಲ್ಲಿ. ತವರು ಪಾಂಡವಪುರದ ಕಡೆ. ಅಣ್ಣಂದಿರು ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆಯುವಾಗ ನನ್ನ ಪಾಲಿಗೆ ಬಂದದ್ದು ಗಡಿಯಾರ ನೋಡುವ ಕೆಲಸ. ಗಂಟೆ ಮೀರಿದರೆ ಅಂಗಡಿಯವನು ಇನ್ನೊಂದು ಎಂಟಾಣೆ ಕೇಳುತ್ತಿದ್ದ. 2011ರಲ್ಲಿ ಮಗಳು ಎಂಟನೇ ತರಗತಿಗೆ ಬಂದಳು, ಸರ್ಕಾರದ ಸೈಕಲ್ ಸಿಕ್ಕಿತು. 2006-07ರಲ್ಲಿ ಶುರುವಾದ ಆ ಯೋಜನೆ ಮಕ್ಕಳನ್ನು ಶಾಲೆಗೆ ಕಳುಹಿಸಲು ಬಂದದ್ದು. ನಮ್ಮ ಮನೆಯಲ್ಲಿ ಅದೇ ಸೈಕಲ್ ರಾತ್ರಿ ಎಂಟರ ಮೇಲೆ ತಾಯಿಯ ಪಾಲಾಗುತ್ತಿತ್ತು. ಮಗಳು ಕ್ಯಾರಿಯರ್ ಹಿಡಿದು ಓಡುವಳು, ನಾನು ಬೀಳುವೆ. ನೈಟಿ ಚೈನಿಗೆ ಸಿಕ್ಕಿ ಹರಿದದ್ದು ಎರಡು ಸಲ, ಚರಂಡಿಗೆ ಇಳಿದದ್ದು ಒಂದು ಸಲ. ಸುಮಾರು ಮೂರು ತಿಂಗಳು ಹಿಡಿಯಿತು. ಹಾಲಿನ ಬೂತಿಗೆ ಸೈಕಲಿನಲ್ಲಿ ಹೋಗಿಬರಲು ಶುರು ಮಾಡಿದ ಮೇಲೆ ಪಕ್ಕದ ಬೀದಿಯ ಇಬ್ಬರು, "ಅಕ್ಕಾ, ನಮಗೂ ಕಲಿಸಿ" ಎಂದರು. ಒಬ್ಬೊಬ್ಬರಿಂದ ಮುನ್ನೂರು ರೂಪಾಯಿ ತೆಗೆದುಕೊಂಡೆ. ಅದೇ ಆರಂಭ.

ನನಗೆ ಗೊತ್ತಿದ್ದದ್ದು ಮಗಳ ವಿಧಾನ ಒಂದೇ: ಹಿಂದೆ ಹಿಡಿದು ಓಡುವುದು. ಎರಡು ವರ್ಷ ಹಾಗೆಯೇ ಓಡಿದೆ. ಎಂಬತ್ತು ಕಿಲೋ ತೂಕದವರ ಹಿಂದೆ ಬಗ್ಗಿ ಓಡಿದರೆ ಸೊಂಟದ ಗತಿ ಏನಾಗುತ್ತದೆ ಎಂದು ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ನಾನು ಹಿಡಿದಿರುವಷ್ಟು ಹೊತ್ತು ಅವರಿಗೆ ವಾಲುವುದೇ ತಿಳಿಯುತ್ತಿರಲಿಲ್ಲ. ವಾಲಿದ ಕಡೆಗೆ ಹ್ಯಾಂಡಲ್ ತಿರುಗಿಸಬೇಕಾದ ಕೈ ಅವರದು, ಎತ್ತಿ ನಿಲ್ಲಿಸುತ್ತಿದ್ದ ಕೈ ನನ್ನದು. ಬಿಟ್ಟ ಕೂಡಲೇ ಬೀಳುವರು. ಸರಸ್ವತಿಪುರಂನ ಒಬ್ಬರು ನನ್ನನ್ನೂ ಎಳೆದುಕೊಂಡು ಬಿದ್ದರು. ನನಗೆ ಮೊಣಕೈ ತರಚಿತು, ಅವರಿಗೆ ಮಣಿಕಟ್ಟು ಮುರಿಯಿತು. ಎಕ್ಸ್‌ರೇ, ಪ್ಲಾಸ್ಟರ್ ಸೇರಿ ಮೂರೂವರೆ ಸಾವಿರದ ಹತ್ತಿರ ನಾನೇ ಕೊಟ್ಟೆ. ಆ ತಿಂಗಳ ಸಂಪಾದನೆ ಎರಡು ಸಾವಿರವೂ ಇರಲಿಲ್ಲ.

ನಡುವೆ ಮಾಡಿದ ಪ್ರಯೋಗಗಳಿಗೆ ಲೆಕ್ಕವಿಲ್ಲ. ಮಕ್ಕಳ ಸೈಕಲಿಗೆ ಹಾಕುವ ಪಕ್ಕದ ಪುಟ್ಟ ಗಾಲಿಗಳನ್ನು ಎರಡು ಜೊತೆ ತಂದು ಹಾಕಿಸಿದೆ, ಆರುನೂರು ರೂಪಾಯಿ. ದೊಡ್ಡವರ ಭಾರಕ್ಕೆ ವಾರದೊಳಗೆ ಕಂಬಿ ಸೊಟ್ಟಗಾಯಿತು. ಕ್ಯಾರಿಯರಿಗೆ ಬಿದಿರಿನ ಕೋಲು ಕಟ್ಟಿ ನಿಂತುಕೊಂಡೇ ಹಿಡಿದು ನಡೆದೆ. ಸೊಂಟ ಉಳಿಯಿತು, ಆದರೆ ಅವರು ತಿರುವಿನಲ್ಲಿ ತಿರುಗಿದರೆ ಕೋಲು ನನ್ನ ಪಕ್ಕೆಗೆ ತಿವಿಯುತ್ತಿತ್ತು. ಬಿದ್ದರೂ ಪೆಟ್ಟಾಗದಿರಲಿ ಎಂದು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹುಲ್ಲಿನಲ್ಲಿ ಚಕ್ರ ಉರುಳುವುದೇ ಕಷ್ಟ, ಹುಲ್ಲಿಲ್ಲದ ಕಡೆ ನೆಗ್ಗಿಲು ಮುಳ್ಳು. ಒಂದೇ ತಿಂಗಳಲ್ಲಿ ಹದಿನಾಲ್ಕೋ ಹದಿನೈದೋ ಪಂಕ್ಚರ್. ಪಂಕ್ಚರ್ ಅಂಗಡಿಯವನು ನನ್ನನ್ನು ಕಂಡರೆ ಸ್ಟೂಲ್ ಒರೆಸಿ ಕೊಡುವಷ್ಟು ಮರ್ಯಾದೆ ಬೆಳೆಯಿತು.

ಪೆಡಲ್ ಬಿಚ್ಚುವ ಯೋಚನೆ ಬಂದದ್ದು ಬುದ್ಧಿಯಿಂದಲ್ಲ, ಸೋಮಾರಿತನದಿಂದ. ಒಬ್ಬರು ತಂದ ಹಳೆಯ ಸೈಕಲಿನ ಎಡ ಪೆಡಲ್ ದಾರಿಯಲ್ಲೇ ಕಳಚಿ ಬಿದ್ದಿತ್ತು. ಬೆಳಗಿನ ಆರು ಗಂಟೆ, ಅಂಗಡಿ ತೆರೆಯುವುದು ಒಂಬತ್ತಕ್ಕೆ. ಸುಮ್ಮನೆ ಕೂತಿರುವ ಬದಲು ಸೀಟು ಇಳಿಸಿಕೊಟ್ಟು, "ಕಾಲಿನಲ್ಲೇ ತಳ್ಳಿಕೊಂಡು ಓಡಾಡುತ್ತಿರಿ" ಎಂದು ನಾನು ಕಟ್ಟೆಯ ಮೇಲೆ ಕೂತೆ. ಉಳಿದ ಬಲ ಪೆಡಲ್ ಕಣಕಾಲಿಗೆ ಬಡಿಯುತ್ತದೆ ಎಂದರು, ಅದನ್ನೂ ಬಿಚ್ಚಿದೆ. ಇಪ್ಪತ್ತು ನಿಮಿಷದ ಮೇಲೆ ತಲೆ ಎತ್ತಿ ನೋಡಿದರೆ, ಹನ್ನೆರಡು ದಿನ ನನ್ನ ಸೊಂಟ ಮುರಿದಿದ್ದ ಆ ಹೆಂಗಸು ಎರಡೂ ಕಾಲು ಎತ್ತಿಕೊಂಡು ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತಿದ್ದಾರೆ. ನಾನು ಕಟ್ಟೆಯಿಂದ ಏಳಲೇ ಇಲ್ಲ.

ಮರುದಿನವೇ ನನ್ನ ಸೈಕಲಿನ ಪೆಡಲ್ ಬಿಚ್ಚಲು ಕೂತೆ. ಬಲಗಡೆಯದು ಬಂತು. ಎಡಗಡೆಯದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ನಿಂತು ತುಳಿದೆ. ಎಡ ಪೆಡಲಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಎಂದು ಆಗ ನನಗೆ ಗೊತ್ತಿರಲಿಲ್ಲ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಿದ್ದೆ. ಮರೆ ಸವೆದು ಪೆಡಲ್ ಕೂರುವ ತೋಳು, ಕ್ರ್ಯಾಂಕ್, ಹಾಳಾಯಿತು, ಕೂಲಿ ಸೇರಿ ನಾನೂರು ರೂಪಾಯಿ ಹೋಯಿತು.

ಈಗ ನನ್ನಲ್ಲಿ ಇಪ್ಪತ್ತು ಇಂಚು ಚಕ್ರದ ಎರಡು ಸೈಕಲ್‌ಗಳಿವೆ. ಸೆಕೆಂಡ್ ಹ್ಯಾಂಡ್, ಎರಡಕ್ಕೂ ಸೇರಿ ನಾಲ್ಕೂವರೆ ಸಾವಿರ ಬಿದ್ದಿರಬೇಕು. ಐದು ಅಡಿಯವರು ಕೂತರೆ ಅಂಗಾಲು ಪೂರ್ತಿ ನೆಲಕ್ಕೆ ಊರಬೇಕು, ತುದಿಬೆರಳು ತಾಗಿದರೆ ಸಾಲದು. ಭಾರಕ್ಕೆ ಹಿಂದಿನ ಕಡ್ಡಿಗಳು ಮುರಿಯುತ್ತವೆ, ಎರಡು ತಿಂಗಳಿಗೊಮ್ಮೆ ರಿಮ್ ಬೆಂಡ್ ತೆಗೆಸುತ್ತೇನೆ. ಪೆಡಲಿಲ್ಲದೆ ಉರುಳಲು ಬೇಕಾದ ಇಳಿಜಾರು ಆರಿಸುವಾಗ ಟೆನ್ನಿಸ್ ಚೆಂಡು ಒಯ್ಯುತ್ತೇನೆ. ಕೆಳಗಿಟ್ಟರೆ ತಾನಾಗಿ ಉರುಳಬೇಕು, ಆದರೆ ನಡೆದುಕೊಂಡೇ ಹೋಗಿ ಹಿಡಿಯುವಂತಿರಬೇಕು. ಅಂಥ ರಸ್ತೆ ನನಗೆ ಸಿಕ್ಕಿದೆ. ಎಲ್ಲಿ ಎಂದು ಹೇಳುವುದಿಲ್ಲ, ಈಗಲೇ ಅಲ್ಲಿ ವಾಕಿಂಗ್ ಬರುವವರ ಕಾಟ ಸಾಕಾಗಿದೆ. ಪೆಡಲ್ ವಾಪಸು ಹಾಕುವಾಗ ಮೊದಲ ದಿನ ಒಂದನ್ನೇ ಹಾಕುತ್ತೇನೆ. ಎರಡನೆಯದನ್ನು ಹಾಕಿದ ದಿನ ಅವರಿಗೆ ಒಂದು ಮಾತು ಹೇಳುತ್ತೇನೆ, ಅದು ನನ್ನ ಹೊಟ್ಟೆಪಾಡಿನ ಮಾತು, ಇಲ್ಲಿ ಬೇಡ.

ಮುಂದಿನ ಚಕ್ರವನ್ನೇ ನೋಡುವ ಚಾಳಿ ಬಿಡಿಸಲು ಹ್ಯಾಂಡಲಿಗೆ ದಿನಪತ್ರಿಕೆ ಕಟ್ಟಿ ಚಕ್ರ ಮರೆ ಮಾಡಿದ್ದೆ. ಪತ್ರಿಕೆ ಓದಲು ಶುರು ಮಾಡಿದರು. ದೂರದ ಮನೆಯ ಬಾಗಿಲಲ್ಲಿ ರಂಗೋಲಿ ಹಾಕಿದೆಯೇ ನೋಡಿ ಹೇಳಿ ಎಂದೆ. ಒಬ್ಬರು ಚುಕ್ಕಿ ಎಣಿಸುತ್ತ ನಿಧಾನ ಮಾಡಿ ರಂಗೋಲಿಯ ಮೇಲೇ ಬಿದ್ದರು. ಆ ಮನೆಯಾಕೆ ಬೈದದ್ದು ಅವರನ್ನಲ್ಲ, ನನ್ನನ್ನು. ಆದರೂ ರಂಗೋಲಿಯ ಉಪಾಯವನ್ನು ಬಿಟ್ಟಿಲ್ಲ. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು ಬಂದಾಗ, ಸ್ವಂತ ಸೈಕಲ್ ಸವೆಯುವುದು ತಪ್ಪಲಿ ಎಂದು ಅದರಲ್ಲೇ ಕಲಿಸಲು ನೋಡಿದೆ. ಭಾರ ಹೆಚ್ಚು, ಪೆಡಲ್ ಬಿಚ್ಚುವ ಹಾಗಿಲ್ಲ, ಕೈಬಿಟ್ಟೆ. ಆದರೆ ಅದನ್ನು ಹತ್ತಬೇಕೆಂಬ ಆಸೆಯಿಂದಲೇ ಆ ವರ್ಷ ಮೂವತ್ತು ಮಂದಿಯಾದರೂ ಹೊಸಬರು ಬಂದರು.

ಹಣದ ವಿಷಯ. ಕಲಿಯದಿದ್ದರೆ ಫೀಸು ಬೇಡ ಎಂದು ಒಂದು ಕಾಲದಲ್ಲಿ ಧೈರ್ಯವಾಗಿ ಹೇಳುತ್ತಿದ್ದೆ. ಏಳನೇ ದಿನ ಸಲೀಸಾಗಿ ಹೊಡೆದವರು ಎಂಟನೇ ದಿನ ಬರುತ್ತಲೇ ಇರಲಿಲ್ಲ. ಫೋನ್ ಮಾಡಿದರೆ, "ಇನ್ನೂ ಸರಿಯಾಗಿ ಬಂದಿಲ್ಲ ಅಕ್ಕ" ಎನ್ನುವರು. ಅವರಲ್ಲೊಬ್ಬರು ದೇವರಾಜ ಮಾರುಕಟ್ಟೆಯ ಹತ್ತಿರ ಹ್ಯಾಂಡಲಿಗೆ ಸೊಪ್ಪಿನ ಚೀಲ ನೇತುಹಾಕಿಕೊಂಡು ನನ್ನ ಮುಂದೆಯೇ ಹೋದರು. ಬೆಲ್ ಬೇರೆ ಹೊಡೆದರು. ಈಗ ಎಂಟು ಬೆಳಗಿಗೆ ಎರಡೂವರೆ ಸಾವಿರ. ಅರ್ಧ ಮೊದಲ ದಿನ, ಉಳಿದರ್ಧ ಸಿಟಿ ಬಸ್ಸು ಓಡಾಡುವ ಒಂದು ವೃತ್ತವನ್ನು ಸುತ್ತಿ ಬಂದ ದಿನ. ದಸರೆಯ ಹತ್ತು ದಿನ ರಜೆ, ಆ ಟ್ರಾಫಿಕ್ಕಿನಲ್ಲಿ ನಾನೇ ಸೈಕಲ್ ತೆಗೆಯುವುದಿಲ್ಲ. ಇದುವರೆಗೆ ಇನ್ನೂರ ಎಪ್ಪತ್ತು ಮಂದಿ ಆಗಿರಬಹುದು, ಪುಸ್ತಕದಲ್ಲಿ ಬರೆದಿಟ್ಟದ್ದು ಇನ್ನೂರ ನಲವತ್ತೊಂದು. ಕಲಿಯದೆ ಹೋದವರು ಹನ್ನೊಂದು. ಅವರಲ್ಲಿ ನನ್ನ ನಾದಿನಿಯೂ ಒಬ್ಬಳು, ಅದಕ್ಕೆ ಕಾರಣ ಸೈಕಲ್ ಅಲ್ಲ.

ಹೋದ ತಿಂಗಳು ರಿಮ್ ಬೆಂಡ್ ತೆಗೆಸಲು ಹೋದಾಗ ಅಂಗಡಿಯಲ್ಲಿ ಒಂದು ಲೇಡೀಸ್ ಸೈಕಲ್ ತಲೆಕೆಳಗಾಗಿ ನಿಂತಿತ್ತು. ಬಲ ಪೆಡಲ್ ಇಲ್ಲ. ಎಡಗಡೆಯದು ಕ್ರ್ಯಾಂಕಿನಲ್ಲಿ ಓರೆಯಾಗಿ ಕಚ್ಚಿಕೊಂಡಿದೆ, ಮರೆ ಪೂರ್ತಿ ಸವೆದಿದೆ. "ನಿಮ್ಮದೇನಾ ಅಕ್ಕ?" ಎಂದು ಮೆಕ್ಯಾನಿಕ್ ಕೇಳಿದ. ಕ್ಯಾರಿಯರಿನ ನೀಲಿ ಬಣ್ಣ ನೋಡಿದ ಕೂಡಲೇ ಮೇಷ್ಟ್ರ ಸೈಕಲ್ ಎಂದು ಗೊತ್ತಾಯಿತು. ನನ್ನದಲ್ಲ ಎಂದೆ, ಅಷ್ಟೇ. ಅವರು ನನ್ನನ್ನು ಕೇಳಿದ್ದರೆ ಎಡಗಡೆಯದು ಉಲ್ಟಾ ಎಂದು ಹೇಳುತ್ತಿದ್ದೆ.