ಹೊಸಬರಿಗೆ ಮಾರ್ಗದರ್ಶಿ: ಮೊದಲು ದರಿಯಾ ದೌಲತ್, ಆಮೇಲೆ ಕೋಟೆ

ಮೈಸೂರಿಗೆ ವರ್ಗವಾಗಿ ಬಂದವರು ಮೊದಲ ರಜೆಯಲ್ಲೇ ಶ್ರೀರಂಗಪಟ್ಟಣಕ್ಕೆ ಹೊರಡುತ್ತಾರೆ. ರಂಗನಾಥಸ್ವಾಮಿಯ ದರ್ಶನ, ಕೋಟೆ ಎಲ್ಲ ಮುಗಿಸಿ, ಬಿಸಿಲೇರಿ ಮಕ್ಕಳು ಸುಸ್ತಾದ ಮೇಲೆ ದರಿಯಾ ದೌಲತ್ ಬಾಗಿಗೆ, ಅಂದರೆ ಟಿಪ್ಪುವಿನ ಅರಮನೆಯಿರುವ ತೋಟಕ್ಕೆ, ಬರುತ್ತಾರೆ. ಆಗ ಅವರಿಗೆ ಕಾಣುವುದು ಹುಲ್ಲುಹಾಸು, ಮರದ ನೆರಳು ಅಷ್ಟೇ. ಈ ಕ್ರಮವನ್ನು ತಿರುಗಿಸಿ ಎಂಬುದು ನಮ್ಮ ಸಂಘದ ಸಲಹೆ.

ಬೆಳಿಗ್ಗೆ ಬಸ್ಸಿನಲ್ಲೋ ರೈಲಿನಲ್ಲೋ ಬಂದು ಇಳಿಯಿರಿ. ರೈಲು ನಿಲ್ದಾಣ ಕೋಟೆಯ ಹತ್ತಿರವೇ ಇದೆ. ತೋಟ ಕೋಟೆಯ ಹೊರಗೆ, ಪೂರ್ವಕ್ಕೆ. ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸುಪರ್ದಿಯಲ್ಲಿರುವ ಸ್ಮಾರಕವಾದ್ದರಿಂದ ಟಿಕೆಟ್ ಉಂಟು, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ತೋಟದ ನಡುವಿನ ಮರದ ಅರಮನೆಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ. ಬಿಸಿಲು ತಾಗದಂತೆ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿರುವುದರಿಂದ ಹೊರಗಿನಿಂದ ಏನೂ ಅನ್ನಿಸುವುದಿಲ್ಲ. ನೇರವಾಗಿ ಪಶ್ಚಿಮದ ಗೋಡೆಗೆ ಹೋಗಿ. ಮೈಸೂರಿನ ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿ ಗೋಡೆ ತುಂಬ ಹರಡಿಕೊಂಡಿದೆ. ಸೋತ ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಅವನ ಮದ್ದಿನ ಬಂಡಿ ಸಿಡಿಯುತ್ತಿದೆ, ಟಿಪ್ಪುವಿನ ಕಡೆಯ ಫ್ರೆಂಚ್ ಅಧಿಕಾರಿ ಲ್ಯಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಇವರನ್ನೆಲ್ಲ ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ಅವರ ಕಣ್ಣು ನಮಗಿಂತ ಚುರುಕು. ಗೋಡೆ ಮುಟ್ಟದಂತೆ ನೋಡಿಕೊಳ್ಳುವುದಷ್ಟೇ ದೊಡ್ಡವರ ಪಾಲು. ಒಳಗೆ ಫೋಟೋ ತೆಗೆಯುವಂತಿಲ್ಲ. ಹಾಗಾಗಿ ಎಲ್ಲರೂ ನಿಂತು ನೋಡುತ್ತಾರೆ, ಅದೂ ಒಳ್ಳೆಯದೇ.

ಟಿಪ್ಪು ಮಡಿದ ಮೇಲೆ ಇಲ್ಲಿ ವಾಸವಿದ್ದವನು ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಶಾಲೆಯಲ್ಲಿ ಯುರೋಪಿನ ಇತಿಹಾಸ ಓದುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಈಗ ಕೋಟೆಗೆ ಬನ್ನಿ. ಪಲ್ಲಕ್ಕಿಯಲ್ಲಿ ಕಂಡ ಅದೇ ಬೇಲಿ ಸೆರೆಯಾಗಿ ಈ ಊರಿನಲ್ಲೇ 1782ರಲ್ಲಿ ಸತ್ತ. ಅವನ ಹೆಸರಿನ ಬಂದೀಖಾನೆ ಕೋಟೆಯ ಉತ್ತರ ಗೋಡೆಯ ಬದಿಯಲ್ಲಿದೆ. ಚಿತ್ರ ನೋಡಿ ಬಂದ ಮಕ್ಕಳು ಅದರ ಮೆಟ್ಟಿಲಿಳಿಯುವಾಗ ಯಾರೂ ಹೇಳಿಕೊಡದೆ ಪ್ರಶ್ನೆ ಕೇಳತೊಡಗುತ್ತಾರೆ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗವೂ ಜಲದ್ವಾರವೂ ಅಲ್ಲಿಂದ ದೂರವಿಲ್ಲ.

ಹಾಳುಬಿದ್ದ ಗೋಡೆಗಳ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ದ್ವೀಪದ ಪೂರ್ವ ತುದಿಯ ಸಂಗಮಕ್ಕೆ ಹೋಗುವುದಾದರೆ ದಡದಲ್ಲೇ ನಿಲ್ಲಿ. ಕಾವೇರಿ ಮೇಲೆ ಶಾಂತವಾಗಿ ಕಂಡರೂ ಒಳಸೆಳೆತ ಬಲವಾಗಿರುತ್ತದೆ. ಈಜು ಬಲ್ಲವರೂ ಮುಳುಗಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ.