ಅರ್ಧ ಮುದ್ರೆಯ ಬೆನ್ನು ಹತ್ತಿ: ನನ್ನ ಜಾಂಜಿಬಾರ್ ಹುಡುಕಾಟ

ನನ್ನ ಹತ್ತಿರ ಇರುವ ಜಾಂಜಿಬಾರ್ ಸ್ಟಾಂಪುಗಳಲ್ಲಿ ಜಾಸ್ತಿ ಪಾಲು ನೋಡಲಿಕ್ಕೆ ಜಾಂಜಿಬಾರಿನವೇ ಅಲ್ಲ. ವಿಕ್ಟೋರಿಯಾ ರಾಣಿಯ ಮುಖ, ಇಂಡಿಯಾ ಪೋಸ್ಟೇಜ್ ಎಂಬ ಬರಹ, ಆಣೆಯಲ್ಲಿ ಬೆಲೆ. ಹಳೇ ಸ್ಟಾಂಪುಗಳ ರಾಶಿಯಲ್ಲಿ ಹಿಡಿಗಟ್ಟಲೆ ಸಿಗುವಂಥವು. ಅವು ಆಫ್ರಿಕಾದ ಪೂರ್ವ ತೀರದ ಒಂದು ದ್ವೀಪದಲ್ಲಿ ಬಳಕೆಯಾದವು ಅಂತ ಹೇಳುವುದು ಮೇಲೆ ಬಿದ್ದ ಅಂಚೆ ಮುದ್ರೆಯ ಮಸಿ ಮಾತ್ರ.

ಸುಲ್ತಾನನ ಊರಿನಲ್ಲಿ ನಮ್ಮ ಆಣೆ ಯಾಕೆ? ಅಲ್ಲಿ ಗುಜರಾತಿ, ಕಚ್ಛಿ ವ್ಯಾಪಾರಿಗಳು ತುಂಬಿದ್ದರು. ಲವಂಗ, ಆನೆದಂತ, ಬಟ್ಟೆ, ಸಾಲ, ಬಡ್ಡಿ ಎಲ್ಲದರಲ್ಲೂ ಅವರ ಕೈ ಇತ್ತು. ಸುಲ್ತಾನನ ಸುಂಕದ ಗುತ್ತಿಗೆ ಕೂಡ ವರ್ಷಗಟ್ಟಲೆ ಕಚ್ಛಿನ ಜಯರಾಮ್ ಶಿವಜಿ ಪೇಢಿಯ, ಅಂದರೆ ವ್ಯಾಪಾರ ಸಂಸ್ಥೆಯ, ಕೈಯಲ್ಲಿತ್ತು. ಬ್ರಿಟಿಷರ ಇಂಡಿಯಾ ಸರ್ಕಾರ 1868ರಲ್ಲಿ ಅಲ್ಲೊಂದು ಅಂಚೆ ಕಚೇರಿ ತೆರೆಯಿತು, ಮರುವರ್ಷವೇ ಮುಚ್ಚಿತು. 1875ರಲ್ಲಿ ಮತ್ತೆ ತೆರೆದ ಮೇಲೆ ಅದು 1895ರ ನವೆಂಬರ್ ತನಕ ನಡೆಯಿತು. ಅಷ್ಟೂ ಕಾಲ ನಮ್ಮ ಸ್ಟಾಂಪುಗಳೇ ಅಲ್ಲಿ ನಡೆದವು. ಇದರ ಮಧ್ಯೆ ಫ್ರೆಂಚರು 1889ರಲ್ಲಿ ಬಂದು ತಮ್ಮದೊಂದು ಅಂಚೆ ಕಚೇರಿ ಇಟ್ಟರು, 1890ರಲ್ಲಿ ಜರ್ಮನ್ನರು ಇನ್ನೊಂದು. ಒಂದು ಸಣ್ಣ ಊರಿಗೆ ಮೂರು ದೇಶದ ಅಂಚೆ! ಜರ್ಮನ್ನರದು ವರ್ಷದೊಳಗೇ ಬಾಗಿಲು ಹಾಕಿತು. ಅವೆರಡರ ಕಡೆ ನಾನು ಹೋಗಿಲ್ಲ, ಕೈಯಲ್ಲಿ ಇರುವುದೇ ಮುಗಿಯುತ್ತಿಲ್ಲ.

ನಾನು ಶುರು ಮಾಡಿದ್ದು ರಾಶಿ ಕೆದಕುವುದರಿಂದ. ವಿಕ್ಟೋರಿಯಾ ಕಾಲದ ಸಾಮಾನ್ಯ ಸ್ಟಾಂಪುಗಳ ಪೊಟ್ಟಣ ತರುತ್ತಿದ್ದೆ. ರಾಣಿಯ ಮುಖ ನೋಡದೆ ಮಸಿಯಲ್ಲಿ ಜೆಡ್ ಅಕ್ಷರ ಹುಡುಕುತ್ತಿದ್ದೆ. ಮೊದಲ ವಾರ ಜೆಡ್ ಕಂಡಾಗೆಲ್ಲ ಕುರ್ಚಿಯಿಂದ ಏಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಆ ಕಾಲದ ಇಂಗ್ಲಿಷ್ ಬರಹದಲ್ಲಿ ಘಾಜಿಪುರಕ್ಕೂ ಜೆಡ್ ಇದೆ, ಮುಜಫ್ಫರಪುರಕ್ಕೂ ಇದೆ. ಘಾಜಿಪುರದಲ್ಲಂತೂ ಜೆಡ್ ಆದ ಮೇಲೆ ಐ ಬರುತ್ತದೆ, ಥೇಟ್ ಜಾಂಜಿಬಾರಿನ ಹಾಗೇ. ಆ ಎರಡು ಅಕ್ಷರ ಮಾತ್ರ ಕಂಡರೆ ಏನೂ ಸಾಬೀತಾಗುವುದಿಲ್ಲ. ಹಿಂದೆ ಎನ್ ಇರಬೇಕು, ಇಲ್ಲವೇ ಮುಂದೆ ಬಿ ಇರಬೇಕು. ಈ ನಿಯಮ ಮಾಡಿಕೊಂಡ ದಿನ ನನ್ನ ಸಂಗ್ರಹ ಅರ್ಧಕ್ಕೆ ಇಳಿಯಿತು.

ಮಸಿ ಮಬ್ಬಾಗಿದ್ದರೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣಗಳನ್ನು ಕೆಂಪು, ಹಸಿರು, ನೀಲಿ ಅಂತ ಬಿಡಿಸಿ ಒಂದೊಂದನ್ನೇ ನೋಡುತ್ತೇನೆ. ಒಂದಾಣೆಯದು ಕಂದು ನೇರಳೆ ಬಣ್ಣ. ಕೆಂಪನ್ನಷ್ಟೇ ಉಳಿಸಿಕೊಂಡರೆ ಸ್ಟಾಂಪು ಪೇಲವವಾಗುತ್ತದೆ, ಕಪ್ಪು ಮಸಿ ಎದ್ದು ಕಾಣುತ್ತದೆ. ಅರ್ಧಾಣೆಯದು ನೀಲಿ ಹಸಿರು, ಅದಕ್ಕೆ ಕೆಂಪು ನಡೆಯುವುದಿಲ್ಲ, ಹಸಿರನ್ನು ಉಳಿಸಬೇಕು. ಭೂತಗನ್ನಡಿಯಲ್ಲಿ ಎರಡು ಗಂಟೆ ಕಣ್ಣು ಕಿರಿದು ಮಾಡಿದರೂ ಸಿಗದ ತಾರೀಖು ಹೀಗೆ ಎರಡು ನಿಮಿಷಕ್ಕೆ ಸಿಕ್ಕಿದ್ದುಂಟು.

ಮುದ್ರೆಯಲ್ಲಿ ವರ್ಷ ಇಲ್ಲದಿದ್ದರೆ ಸ್ಟಾಂಪೇ ಸ್ವಲ್ಪ ಹೇಳುತ್ತದೆ. 1882ಕ್ಕೆ ಮುಂಚಿನವುಗಳಲ್ಲಿ ಈಸ್ಟ್ ಇಂಡಿಯಾ ಪೋಸ್ಟೇಜ್ ಅಂತಿದೆ, ಕಾಗದದೊಳಗೆ ಆನೆ ತಲೆಯ ವಾಟರ್‌ಮಾರ್ಕ್. ಆಮೇಲಿನವುಗಳಲ್ಲಿ ಈಸ್ಟ್ ಹೋಗಿದೆ, ಆನೆಯ ಜಾಗಕ್ಕೆ ನಕ್ಷತ್ರ ಬಂದಿದೆ. ಕಪ್ಪು ತಟ್ಟೆಯಲ್ಲಿ ಸ್ಟಾಂಪನ್ನು ಬೋರಲು ಹಾಕಿ ಮೇಲೆ ಎರಡು ಹನಿ ಲೈಟರ್ ದ್ರವ ಬಿಟ್ಟರೆ ಕ್ಷಣಮಾತ್ರ ಕಾಣುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಸುಕ್ಕುಸೊಂಡಿಲಿನ ಆ ಪುಟ್ಟ ಆನೆ ಕಾಗದದಿಂದ ಮೆಲ್ಲಗೆ ಎದ್ದು ಬಂದು ಒಣಗುತ್ತಿದ್ದ ಹಾಗೇ ಮಾಯವಾಗುವುದನ್ನು ನಾನು ಸುಮ್ನೆ ನೋಡಲಿಕ್ಕೂ ಮಾಡುತ್ತೇನೆ.

ಒಂದು ಸ್ಟಾಂಪಿನ ಮೇಲೆ ಪೂರ್ತಿ ಮುದ್ರೆ ಬಿದ್ದಿರುವುದು ಕಮ್ಮಿ. ಹಾಗಾಗಿ ಪಾರದರ್ಶಕ ಹಾಳೆಯ ಮೇಲೆ ಪ್ರತಿಯೊಂದರ ತುಣುಕನ್ನೂ ಸಣ್ಣ ಪೆನ್ನಿನಲ್ಲಿ ತಿದ್ದಿಕೊಂಡೆ. ಒಂದರಲ್ಲಿ ಮೊದಲ ಜೆಡ್, ಇನ್ನೊಂದರಲ್ಲಿ ಬಾಲದ ಆರ್, ಮತ್ತೊಂದರಲ್ಲಿ ತಾರೀಖು. ಮುದ್ರೆಯ ಉಂಗುರದ ವ್ಯಾಸ ಹೊಂದುವ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಮುದ್ರೆ ತುಂಬಿಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ಹೆಚ್ಚು ಕಮ್ಮಿ ಆದರೂ ಅದು ಬೇರೆ ಮುದ್ರೆ ಇರಬಹುದು ಅಂತ ಪಕ್ಕಕ್ಕೆ ತೆಗೆದಿಡುತ್ತೇನೆ. ಬೇಸರದ ಕೆಲಸ, ನಿಜ. ಆದರೆ ನಂಬಿಕೆಗೆ ಅರ್ಹವಾದದ್ದೂ ಇದೇ.

ಇಷ್ಟು ಮಾಡಿದವನೂ ಮೋಸ ಹೋದೆ. 1895ರ ನವೆಂಬರ್ 10ಕ್ಕೆ ಅಂಚೆ ಜಾಂಜಿಬಾರ್ ಆಡಳಿತದ ಕೈಗೆ ಬಂದಾಗ ಹೊಸ ಸ್ಟಾಂಪು ತಯಾರಿರಲಿಲ್ಲ. ಇಂಡಿಯಾದವುಗಳ ಮೇಲೆಯೇ ಜಾಂಜಿಬಾರ್ ಅಂತ ಅಚ್ಚು ಹಾಕಿ ಮಾರಿದರು. ಅಚ್ಚು ಹಾಕಿದ್ದು ಅಲ್ಲಿನ ಗೆಜೆಟ್ ಪತ್ರಿಕೆಯ ಮುದ್ರಣಾಲಯ. ಮೊಳೆ ಜೋಡಿಸುವಾಗ ಎಡವಟ್ಟಾಗಿ ಕೆಲವಲ್ಲಿ ಬಿ ಬದಲು ಡಿ ಬಿದ್ದು ಜಾಂಜಿಡಾರ್ ಆಯಿತು. ಸಂಗ್ರಹಕಾರರು ಇದಕ್ಕೆ ಪ್ರಾಣ ಬಿಡುತ್ತಾರೆ, ಹಾಗಾಗಿ ನಕಲಿಯೂ ಜಾಸ್ತಿ. ಒಬ್ಬ ಮಾರಾಟಗಾರನ ಹತ್ತಿರ ಒಂದು ಸಿಕ್ಕಿತು. ಬೆಲೆ ನನ್ನ ಕೈಗೆಟುಕುವಷ್ಟು ಇತ್ತು. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ?

ಮನೆಗೆ ತಂದು ಮೂರು ವಾರ ಡಿ ಅಕ್ಷರವನ್ನೇ ಮುದ್ದು ಮಾಡಿದೆ. ಮಸಿಯ ಕಡೆ ನೋಡಲೇ ಇಲ್ಲ. ಮಿಕ್ಕ ಎಲ್ಲ ಸ್ಟಾಂಪಿನಲ್ಲಿ ಮೊದಲು ಮಸಿ ನೋಡುವವನು ಇದರಲ್ಲಿ ಮರೆತೆ. ಕೊನೆಗೆ ಸ್ಕ್ಯಾನ್ ಮಾಡಿದಾಗ ಅಂಚೆ ಮುದ್ರೆಯ ಅಂಚಿನಲ್ಲಿ ಕರಾಚಿಯ ಕೊನೆಯ ಅಕ್ಷರಗಳು, ನಡುವೆ 92. ಅಂದರೆ 1892ರಲ್ಲಿ ಕರಾಚಿಯಲ್ಲಿ ಬಳಕೆಯಾದ ಸ್ಟಾಂಪಿಗೆ 1895ರ ಅಚ್ಚು! ದೊಡ್ಡದು ಮಾಡಿ ನೋಡಿದರೆ ಅಚ್ಚಿನ ಕಪ್ಪು ಮುದ್ರೆಯ ಮಸಿಯ ಮೇಲೆ ಕೂತಿತ್ತು. ಅಸಲಿಯಾಗಿದ್ದರೆ ಅಚ್ಚು ಕೆಳಗೆ, ಮುದ್ರೆ ಮೇಲೆ ಇರಬೇಕು. ಆ ಸ್ಟಾಂಪನ್ನು ಈಗಲೂ ಆಲ್ಬಮ್ಮಿನ ಮೊದಲ ಪುಟದಲ್ಲೇ ಇಟ್ಟಿದ್ದೇನೆ.

ಆದರೆ ನನಗೆ ಹೆಚ್ಚು ಕಲಿಸಿದ್ದು ಸ್ಟಾಂಪೇ ಇಲ್ಲದ ಒಂದು ಕವರು. ಯಾರೋ ಅದರ ಸ್ಟಾಂಪನ್ನು ನೀರಿನಲ್ಲಿ ನೆನೆಸಿ ಕಿತ್ತುಕೊಂಡಿದ್ದರು. ಸ್ಟಾಂಪಿನ ಜೊತೆ ಅರ್ಧ ಮುದ್ರೆಯೂ ಹೋಗಿತ್ತು. ಉಳಿದದ್ದು ಉಂಗುರದ ಬಲಭಾಗ: ಬಾರ್ ಎಂಬ ಮೂರು ಅಕ್ಷರ, ಆಗಸ್ಟ್ 8, ಆಮೇಲೆ ವರ್ಷದ ಒಂದು 8 ಮತ್ತು ಅದರ ಪಕ್ಕ ಒರೆಸಿಹೋದ ಒಂದು ಅಂಕಿ. ಹಿಂಬದಿಯ ಬೊಂಬಾಯಿ ಮುದ್ರೆಯಲ್ಲಿ ಊರಿನ ಹೆಸರು ಬಿಟ್ಟರೆ ಬೇರೇನೂ ಓದಲಾಗದು. ಒಳಗೆ ಕಾಗದ ಇತ್ತು. ಗುಜರಾತಿ ವ್ಯಾಪಾರಿಗಳ ಬೋಡಿಯಾ ಬರಹ, ಅಂದರೆ ಕಾಗುಣಿತದ ಗುರುತುಗಳಿಲ್ಲದ ಬೋಳು ಅಕ್ಷರ.

ನನಗೆ ಗೊತ್ತಿದ್ದ ಟಿಂಬರ್ ಡಿಪೋದ ಹಿರಿಯರೊಬ್ಬರ ಹತ್ತಿರ ಹೋದೆ. ಕಚ್ಛಿನವರು, ಕನ್ನಡ ನನಗಿಂತ ಚೆನ್ನಾಗಿ ಬೈಯುತ್ತಾರೆ. ಕನ್ನಡಕ ಮೇಲೇರಿಸಿ ತುಂಬ ಹೊತ್ತು ನೋಡಿದರು.

'ಸಂವತ್ 1944, ಶ್ರಾವಣ ವದ ಮೂರು. ಲವಂಗದ ಬೆಲೆ ಬರೆದಿದಾರೆ ಭಾಯ್, ಲೆಕ್ಕ ಕೇಳಿದಾರೆ. ನಮ್ಮ ಕಚ್ಛದ ಮಾಂಡ್ವಿ ಬಂದರಿನವರು.'

ನಾನು ಖುಷಿಯಿಂದ ಮನೆಗೆ ಬಂದು ಲೆಕ್ಕ ಹಾಕಿದೆ. ಗುಜರಾತಿನ ವಿಕ್ರಮ ಸಂವತ್ 1944 ಶುರುವಾಗುವುದು 1887ರ ದೀಪಾವಳಿಗೆ. ಅಲ್ಲಿಂದ ಮುಂದಿನ ಶ್ರಾವಣ 1888ರಲ್ಲಿ. ಒರೆಸಿಹೋದ ಅಂಕಿ 8. ಹಾಳೆಯ ಮೇಲೆ ಬರೆದೂ ಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ತಿಥಿ ಕೊರೆಯತೊಡಗಿತು. 1888ರಲ್ಲಿ ಶ್ರಾವಣ ಶುರುವಾದದ್ದೇ ಆಗಸ್ಟ್ 8ರ ಸುಮಾರಿಗೆ. ವದ ಮೂರು, ಅಂದರೆ ನಮ್ಮ ಬಹುಳ ತದಿಗೆ, ಆಗಸ್ಟ್ ಕೊನೆಯ ವಾರದ ಹತ್ತಿರ ಬರುತ್ತದೆ. ಬರೆಯುವ ಎರಡು ವಾರ ಮೊದಲೇ ಕಾಗದಕ್ಕೆ ಮುದ್ರೆ ಬಿದ್ದಿರಲು ಸಾಧ್ಯವೇ?

ಮರುದಿನ ಬೆಳಿಗ್ಗೆಯೇ ಡಿಪೋಗೆ ಹೋದೆ. 'ಕಾಕಾ, ಸಂವತ್ ಸರಿ ಓದಿದ್ರಾ?'

'ಅಲ್ಲ ಭಾಯ್, ನೀವು ದೀಪಾವಳಿಯಿಂದ ಎಣಿಸಿದ್ರಾ? ನಮ್ಮ ಕಚ್ಛದ ಹೊಸ ವರ್ಷ ಆಷಾಢಿ ಬೀಜ್. ಆಷಾಢ ಶುದ್ಧ ಬಿದಿಗೆ.'

ಅಷ್ಟೇ ಸಾಕಾಯಿತು. ಕಚ್ಛದಲ್ಲಿ ಸಂವತ್ ನಾಲ್ಕು ತಿಂಗಳು ಮೊದಲೇ ಬದಲಾಗುತ್ತದೆ. ಆಷಾಢದಿಂದ ದೀಪಾವಳಿ ತನಕ ಅವರ ವರ್ಷ ಗುಜರಾತಿನದಕ್ಕಿಂತ ಒಂದು ಮುಂದೆ. ಹಾಗಾದರೆ ಇದು 1887ರ ಶ್ರಾವಣ. ಆ ವರ್ಷ ಆಗಸ್ಟ್ 19ಕ್ಕೆ ಸೂರ್ಯಗ್ರಹಣ ಆಗಿತ್ತು, ಅಂದರೆ ಅಂದು ಶ್ರಾವಣದ ಅಮಾವಾಸ್ಯೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ವದ ಮೂರು ಬರುವುದು ಆಗಸ್ಟ್ 6ರ ಹತ್ತಿರ. ಬರೆದ ಒಂದೆರಡು ದಿನಕ್ಕೆ ಅಂಚೆಗೆ ಹಾಕಿದ್ದಾರೆ. ಒರೆಸಿಹೋದ ಅಂಕಿ 7.

ಆಮೇಲೆ ನೋಡಿದರೆ ಆ ಮಸಿಯಲ್ಲಿ ಏಳರ ಕಾಲು ಸ್ಪಷ್ಟವಾಗೇ ಕಾಣುತ್ತದೆ. ಹಿಂದಿನ ದಿನ ಅದೇ ಜಾಗದಲ್ಲಿ ನನಗೆ ಎಂಟರ ಹೊಟ್ಟೆ ಕಂಡಿತ್ತು. ಅಂದಿನಿಂದ ಮುದ್ರೆಯಲ್ಲಿ ನಾನು ಓದಿದ್ದನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಬೇರೆ ಎಲ್ಲಿಂದಲಾದರೂ ಸಾಕ್ಷಿ ಸಿಕ್ಕ ಮೇಲೆ ಮಾತ್ರ ಪೆನ್ನು.

ಕಿತ್ತುಕೊಂಡ ಆ ಸ್ಟಾಂಪು ಎಲ್ಲೋ ಯಾರದೋ ಆಲ್ಬಮ್ಮಿನಲ್ಲಿ ಉಂಗುರದ ಎಡಭಾಗ ಹೊತ್ತು ಕೂತಿರಬೇಕು. ಕವರಿನ ಬಲಭಾಗವನ್ನು ಪಾರದರ್ಶಕ ಹಾಳೆಗೆ ಇಳಿಸಿಕೊಂಡಿದ್ದೇನೆ. ಅದು ನನ್ನ ಪರ್ಸಿನಲ್ಲೇ ಇರುತ್ತದೆ. ಎಲ್ಲೇ ವಿಕ್ಟೋರಿಯಾ ಕಾಲದ ಇಂಡಿಯಾ ಸ್ಟಾಂಪು ಕಂಡರೂ ತೆಗೆದು ಅಂಚಿಗೆ ಹಿಡಿದು ನೋಡುತ್ತೇನೆ. ಅಂಗಡಿಯವರು ನಗುತ್ತಾರೆ. ಎರಡು ಸಲ ಉಂಗುರ ಸರಿಯಾಗಿ ಕೂತಿತು, ತಾರೀಖು ಕೂಡಲಿಲ್ಲ.