ಅಕ್ಷರ ಬಂದರೂ ಓದು ಬಾರದ ಮಗುವಿಗೆ ದನಿ ಕೂಡಿಸಲು ಕಲಿಸುವುದು ಹೇಗೆ?

ಮ ಗೊತ್ತು, ರ ಗೊತ್ತು. ಎರಡನ್ನೂ ಜೊತೆಗಿಟ್ಟರೆ ಮಗು ‘ಮ... ರ...’ ಎಂದು ತಡವರಿಸಿ, ಪಕ್ಕದ ಚಿತ್ರ ನೋಡಿ ‘ಗಿಡ’ ಎನ್ನುತ್ತದೆ. ಮುಂಬಯಿ ಬಳಿಯ ಡೊಂಬಿವಲಿಯಲ್ಲಾಗಲಿ ಮೀರಾ ರೋಡಿನಲ್ಲಾಗಲಿ, ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಮನೆಯಲ್ಲಿ ಕನ್ನಡ ಕಲಿಸಲು ಕೂರುವ ಅಪ್ಪ ಅಮ್ಮಂದಿರು ಕೈಚೆಲ್ಲುವುದು ಇಲ್ಲೇ. ಮತ್ತೆ ಅ ಆ ಇ ಈ ತಿದ್ದಿಸಲು ಕೂರುತ್ತಾರೆ. ತಿದ್ದಿಸಿ ಫಲವಿಲ್ಲ. ಕೇಳಿದ ದನಿಗಳನ್ನು ಕಿವಿಯಲ್ಲೇ ಕೂಡಿಸುವ ರೂಢಿ ಆ ಮಗುವಿಗೆ ಇನ್ನೂ ಆಗಿಲ್ಲ.

ಆದ್ದರಿಂದ ಮೊದಲ 3 ವಾರ ಪುಸ್ತಕವೂ ಬೇಡ, ಸ್ಲೇಟೂ ಬೇಡ. ಮಗುವಿಗೆ 4 ವರ್ಷ ತುಂಬಿರಲಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು.

ಮೊದಲು ಚಪ್ಪಾಳೆ ತಟ್ಟಿ ಪದ ಬಿಡಿಸುವುದು. ಲೋಕಲ್ ಟ್ರೇನಿನಲ್ಲಿ ಕೇಳುವ ಹೆಸರುಗಳೇ ಸಾಕು: ಕುರ್-ಲಾ ಎರಡು, ಮಾ-ಟುಂ-ಗಾ ಮೂರು, ಡೊಂ-ಬಿ-ವ-ಲಿ ನಾಲ್ಕು. ಆಮೇಲೆ ಮೊದಲ ದನಿಯ ಆಟ: ‘ಬ’ದಿಂದ ಶುರುವಾಗುವುದು ಅಡುಗೆಮನೆಯಲ್ಲಿ ಏನೇನಿದೆ? ಬಟ್ಟಲು, ಬಳೆ, ಬದನೆಕಾಯಿ. ಅಂತ್ಯಾಕ್ಷರಿ ಬೇಡ: ಬಾಳೆ, ಬೇಳೆ, ಹೂಕೋಸಿನ ಹೋಳು ಎಲ್ಲ ‘ಳ’ದಲ್ಲಿ ಮುಗಿದು ಆಟ ನಿಂತುಬಿಡುತ್ತದೆ, ಕನ್ನಡದಲ್ಲಿ ‘ಳ’ದಿಂದ ಶುರುವಾಗುವ ಪದವಿಲ್ಲ.

ಕೂಡಿಸುವ ಹಂತಕ್ಕೆ ಅವಸರ ಮಾಡಬೇಡಿ. ಲೋಟ, ಬಳೆ, ಸೌಟು, ಈ ಮೂರನ್ನು ಕಟ್ಟೆಯ ಮೇಲಿಡಿ. ‘ಪುಟ್ಟಾ, ಲೋ... ಟ ತಗೊಂಡು ಬಾ’ ಎನ್ನಿ. ನಡುವೆ ಸುಮಾರು ಒಂದು ಸೆಕೆಂಡು ಬಿಡಿ. ‘ಇದೇನು ಹೇಳು’ ಎಂದು ಕೇಳಬೇಡಿ, ತರಲು ಹೇಳಿ. ಮಗು ಲೋಟ ತಂದು ‘ಗ್ಲಾಸ್’ ಎಂದರೂ ಅದು ಕೂಡಿಸಿದೆ ಎಂದೇ ಅರ್ಥ. ಪದ ತಿದ್ದುವುದು ಆಮೇಲಾಗಲಿ. ವಸ್ತುಗಳ ಹೆಸರಿನ ಮೊದಲ ದನಿ ಬೇರೆ ಬೇರೆ ಇದ್ದರೆ ಮಗು ‘ಲೋ’ ಕೇಳಿದೊಡನೆ ಊಹಿಸುತ್ತದೆ. ಮೂರು ದಿನದ ನಂತರ ಬಳೆ, ಬಲೂನು, ಬಟ್ಟಲು ಎಂದು ಒಂದೇ ದನಿಯವನ್ನು ಇಡಿ. ಆಗಷ್ಟೇ ಕಿವಿ ಕೊನೆಯವರೆಗೆ ಕೇಳುತ್ತದೆ.

ಮಗುವೇ ಕೂಡಿಸಲು ಹುಣಸೆಬೀಜ ಒಳ್ಳೆಯದು. ಎರಡು ಬೀಜಗಳ ನಡುವೆ ಗೇಣು ಜಾಗ ಬಿಡಿ. ಒಂದನ್ನು ಮುಟ್ಟಿ ‘ಬೆ’, ಇನ್ನೊಂದನ್ನು ಮುಟ್ಟಿ ‘ಳೆ’. ಎರಡನೆಯ ಸಲ ಬೀಜಗಳನ್ನು ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ತಳ್ಳಿ, ಹೇಳುವ ಬಿಡುವೂ ಅಷ್ಟೇ ಕಡಿಮೆಯಾಗಲಿ. ಮೂರನೆಯ ಸಲ ಬೀಜಕ್ಕೆ ಬೀಜ ತಾಗಬೇಕು: ‘ಬೆಳೆ’.

ಹೆಚ್ಚಿನವರು ತಪ್ಪುವುದು ಈ ಜಾಗದಲ್ಲಿ. ಇಂಗ್ಲಿಷ್ ಫೋನಿಕ್ಸ್ (ಅಕ್ಷರದ ದನಿ ಕೂಡಿಸಿ ಓದುವ) ತರಗತಿಯಲ್ಲಿ ‘ದನಿಯನ್ನು ಎಳೆದು ಹೇಳಿ’ ಎಂದು ಕಲಿಸಿದ್ದನ್ನೇ ಕನ್ನಡಕ್ಕೂ ಹಚ್ಚುತ್ತಾರೆ. ‘ಬೆ’ ಎಳೆದರೆ ‘ಬೇ’ ಆಗುತ್ತದೆ, ಹೊಲದ ಬೆಳೆ ಹೋಗಿ ಸಾರಿನ ಬೇಳೆ ಬರುತ್ತದೆ. ‘ಕೊಡು’ ಕೋಡಾಗುತ್ತದೆ. ಕನ್ನಡದಲ್ಲಿ ಹ್ರಸ್ವವನ್ನು ಎಳೆಯಲೇಬಾರದು. ಬಿಡುವನ್ನು ಕುಗ್ಗಿಸಬೇಕು, ದನಿಯನ್ನು ಹಿಗ್ಗಿಸಬಾರದು. ಮುಂಬಯಿಯ ಮಕ್ಕಳಿಗೆ ಇದು ಇನ್ನೂ ಮುಖ್ಯ: ಮರಾಠಿ, ಹಿಂದಿ ಬರವಣಿಗೆಯಲ್ಲಿ ಎ-ಏ, ಒ-ಓ ಎಂಬ ಭೇದವೇ ಇಲ್ಲ, ಶಾಲೆಯಲ್ಲಿ ಅವರಿಗೆ ಅದು ಎದುರಾಗುವುದೇ ಇಲ್ಲ. ಬೆಳೆ-ಬೇಳೆ, ಕೊಡು-ಕೋಡು ಜೋಡಿಗಳನ್ನು ವಾರವಿಡೀ ಆಡಿಸಿ. ಮಾತಾಡುವ ಆಟಿಕೆ ಪುಸ್ತಕ ಕೊಳ್ಳುವ ಮುನ್ನ ಅಂಗಡಿಯಲ್ಲೇ ಎ, ಏ ಗುಂಡಿ ಒತ್ತಿ ಕೇಳಿ. ಎರಡೂ ಒಂದೇ ತರಹ ಕೇಳಿಸಿದರೆ ಅಲ್ಲೇ ಬಿಟ್ಟು ಬನ್ನಿ.

ಮತ್ತೊಂದು ತೊಡಕು ಪದದ ಕೊನೆಯದು. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅದು ಒಳ್ಳೆಯದೇ, ‘ಳ’ದ ಉಚ್ಚಾರ ಅಲ್ಲಿಂದಲೇ ಸಿಗುತ್ತದೆ. ಆದರೆ ದೇವನಾಗರಿಯಲ್ಲಿ ‘ಕಮಲ’ ಎಂದು ಬರೆದದ್ದನ್ನು ‘ಕಮಲ್’ ಎಂದೇ ಓದುವುದು. ಅದೇ ಅಭ್ಯಾಸದಲ್ಲಿ ಮಗು ಮರವನ್ನು ‘ಮರ್’ ಮಾಡುತ್ತದೆ. ಬೈಯಬೇಡಿ. ಕೊನೆಯ ಬೀಜದ ಮೇಲೆ ಬೆರಳಿಟ್ಟು ‘ರ’ ಪೂರ್ತಿ ಹೇಳಿ, ಆಮೇಲೆ ಬೆರಳೆತ್ತಿ.

ಇಷ್ಟಾದ ಮೇಲೆ ಬೀಜಗಳ ಜಾಗಕ್ಕೆ ಅಕ್ಷರದ ಚೀಟಿ ಬರಲಿ. ಚಿತ್ರವಿಲ್ಲದ ಚೀಟಿ; ಕೈಯಲ್ಲಿ ಬರೆದದ್ದೇ ಮೇಲು. ಗುಣಿತಾಕ್ಷರ ಬಂದಾಗ ‘ಗ ಗುಡಿಸು ಗಿ, ಳ ಗುಡಿಸು ಳಿ’ ಎಂದು ರಾಗ ಎಳೆಸಬೇಡಿ. ಅದು ಬರೆಯುವಾಗಿನ ನೆನಪಿಗೆ ಸರಿ. ಓದುವಾಗ ಅಷ್ಟು ಹೇಳುವಷ್ಟರಲ್ಲಿ ಮೊದಲ ‘ಗಿ’ ಮರೆತು ಗಿಳಿ ಹಾರಿಹೋಗಿರುತ್ತದೆ. ‘ಗಿ’, ‘ಳಿ’ ಎಂದಷ್ಟೇ ಹೇಳಿಸಿ.

ಒತ್ತಕ್ಷರ ಕೊನೆಗಿರಲಿ. ‘ಕತ್ತೆ’ಯನ್ನು ಬರೆಯುವುದು ಕ, ತ್ತೆ ಎಂದು, ಕಿವಿಗೆ ಕೇಳುವುದು ಕತ್-ತೆ. ‘ತೆ-ಗೆ ತ ಒತ್ತು’ ಎಂದು ಕಲಿತ ಮಗು ‘ಕ-ತೆ-ತ’ ಎಂದು ಓದುತ್ತದೆ. ಆದ್ದರಿಂದ ಮೊದಲು ಬಾಯಲ್ಲಿ: ‘ಕತ್’ ಎಂದು ನಾಲಿಗೆಯನ್ನು ಹಲ್ಲಿಗೆ ಒತ್ತಿ, ಒಂದು ಕ್ಷಣ ಹಾಗೇ ಹಿಡಿದು, ‘ತೆ’ ಎಂದು ಬಿಡುವುದು. ಕನ್ನಡಿಯ ಮುಂದೆ ಮಾಡಿಸಿ. ಕತೆ-ಕತ್ತೆ ಎರಡನ್ನೂ ಹೇಳಿ, ಉಸಿರು ತಡೆದದ್ದು ಯಾವುದರಲ್ಲಿ ಎಂದು ಕೇಳಿ.

ಇಂಗ್ಲಿಷ್ ಓದಿಗೆ ಇದೇ ಕಿವಿ ಸಾಕು, ಆದರೆ ನಮ್ಮ ಬಾಯಿ ಅಡ್ಡ ಬರುತ್ತದೆ. ವ್ಯಂಜನದ ಬೆನ್ನಿಗೆ ‘ಅ’ ಹಚ್ಚಿ ‘ಸನ್’ (sun) ಪದವನ್ನು ‘ಸ-ಅ-ನ’ ಎಂದರೆ ಮಗುವಿಗೆ ಸೂರ್ಯ ಸಿಗುವುದಿಲ್ಲ. ‘ಸ್ಸ್ಸ್’, ‘ನ್ನ್ನ್’ ಎಂದು ಬರೀ ವ್ಯಂಜನ ಹೇಳಿ, ಇಲ್ಲಿ ಎಳೆಯಬಹುದು. ಸ್, ಮ್, ನ್, ಫ್, ಲ್ ಮೊದಲು. ಎಳೆಯಲಾಗದ ಪ್, ಬ್, ಟ್, ಕ್ ಆಮೇಲೆ.

ತಿಂಗಳೆರಡು ಹೀಗೆ ಆಡಿಸಿದರೂ ಬೇಳೆ-ಬೆಳೆ ಭೇದ ತಿಳಿಯದಿದ್ದರೆ, ಮಳೆಗಾಲವಿಡೀ ಮೂಗು ಸೋರುವ, ಕಿವಿ ನೋವೆನ್ನುವ ಮಗುವಾದರೆ, ಪಾಠ ಬಿಟ್ಟು ಕಿವಿ ತೋರಿಸಿ. ಕಿವಿಪರದೆಯ ಹಿಂದೆ ನೀರು ನಿಂತ ಮಗುವಿಗೆ ಮಾತು ಕೇಳಿಸುತ್ತದೆ, ದನಿಯ ಸೂಕ್ಷ್ಮ ಕೇಳಿಸುವುದಿಲ್ಲ. ಬಾಂದ್ರಾ ರೆಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆ ಮಾಡುತ್ತಾರೆ.